ಕೀ ತೆಗೆದರೂ ನಿಲ್ಲದ ಎಂಜಿನ್: ಡಬ್ಲ್ಯೂ123 ಬೆಂಜ್ ಡೀಸೆಲ್‌ನಲ್ಲಿ ವ್ಯಾಕ್ಯೂಮ್ ಲೀಕ್ ಹುಡುಕುವ ಬಗೆ

ಕೀ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡಾಯಿತು, ಎಂಜಿನ್ ಮಾತ್ರ ತನ್ನ ಪಾಡಿಗೆ ಗಡಗಡ ಎನ್ನುತ್ತಲೇ ಇದೆ. ಡಬ್ಲ್ಯೂ123 ಸರಣಿಯ ಮರ್ಸಿಡಿಸ್ ಬೆಂಜ್ ಡೀಸೆಲ್ ಕಾರುಗಳಿಗೆ, ಅಂದರೆ 200ಡಿ, 240ಡಿ, 300ಡಿಗಳಿಗೆ, ಇದು ಹಳೇ ಕಾಯಿಲೆ. 1975ರ ಕೊನೆಯಿಂದ 1986ರ ಆರಂಭದವರೆಗೆ ಈ ಸರಣಿಯ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಅವುಗಳಲ್ಲಿ ತೀರಾ ಕೊನೆಯದಕ್ಕೂ ಈಗ ಸುಮಾರು 40 ವರ್ಷ. ಕಬ್ಬಿಣ ಇನ್ನೂ ಗಟ್ಟಿಮುಟ್ಟಾಗಿದೆ, ಸೋತಿರುವುದು ರಬ್ಬರ್.

ಕೀಗೆ ಸಂಬಂಧಪಟ್ಟ ತೊಂದರೆ ಎಂದ ಕೂಡಲೇ ಎಲೆಕ್ಟ್ರಿಷಿಯನ್ ಹತ್ತಿರ ಓಡುವವರು ಬಹಳ. ಆದರೆ ಈ ದೋಷದಲ್ಲಿ ವೈರಿನ ಪಾತ್ರವೇ ಇಲ್ಲ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಕಿಲ್ಲ, ಡೀಸೆಲ್ ಸಿಗುವ ತನಕ ಓಡುತ್ತದೆ. ನಿಲ್ಲಿಸಬೇಕಾದರೆ ಡೀಸೆಲ್ ಕೊಡುವುದನ್ನೇ ನಿಲ್ಲಿಸಬೇಕು. ಬೆಂಜ್‌ನವರು ಆ ಕೆಲಸವನ್ನು ಗಾಳಿಗೆ ವಹಿಸಿದ್ದಾರೆ. ಎಂಜಿನ್‌ಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಸದಾ ಗಾಳಿ ಹೀರುತ್ತಿರುತ್ತದೆ. ಕೀ ಆಫ್ ಮಾಡಿದಾಗ ಕೀ ಲಾಕಿನ ಬೆನ್ನಿಗಿರುವ ಪುಟ್ಟ ವಾಲ್ವ್ ತೆರೆದುಕೊಂಡು, ಆ ಸೆಳೆತವನ್ನು ಡೀಸೆಲ್ ಪಂಪಿನ ಹಿಂತುದಿಯ ಶಟ್‌ಆಫ್ ಡಬ್ಬಿಗೆ ಕಳಿಸುತ್ತದೆ. ಡಬ್ಬಿಯೊಳಗಿನ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಎಳೆದುಕೊಂಡು, ಎಷ್ಟು ಡೀಸೆಲ್ ಹೋಗಬೇಕೆಂದು ನಿರ್ಧರಿಸುವ ಪಂಪಿನ ಕಡ್ಡಿ, ಅಂದರೆ ರ‍್ಯಾಕನ್ನು ಸೊನ್ನೆಗೆ ತರುತ್ತದೆ. ಎಂಜಿನ್ ನಿಲ್ಲುತ್ತದೆ.

ಅಂದರೆ ಓಡಲು ವ್ಯಾಕ್ಯೂಮ್ ಬೇಡ, ನಿಲ್ಲಲು ಬೇಕು. ದಾರಿಯಲ್ಲಿ ಎಲ್ಲೋ ಗಾಳಿ ಒಳನುಗ್ಗುತ್ತಿದ್ದರೆ ಡಬ್ಬಿಯ ತನಕ ಸೆಳೆತ ತಲುಪುವುದೇ ಇಲ್ಲ. ಸಾಮಾನ್ಯವಾಗಿ ಆ 'ಎಲ್ಲೋ' ಎನ್ನುವುದು ಎಂಜಿನ್ ಹತ್ತಿರ ಇರುವುದೂ ಇಲ್ಲ. ಹಿಂದಿನ ಬಾಗಿಲೊಳಗೋ, ಪೆಟ್ರೋಲ್ ಬಂಕಿನಲ್ಲಷ್ಟೇ ನೆನಪಾಗುವ ಡೀಸೆಲ್ ಮುಚ್ಚಳದ ಹಿಂದೋ ಇರುತ್ತದೆ.

ಮೊದಲು ಎಂಜಿನ್ ನಿಲ್ಲಿಸಿ

ಗೇರನ್ನು ಪಾರ್ಕ್ ಅಥವಾ ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು, ಬಾನೆಟ್ ತೆಗೆಯಿರಿ. ಎಂಜಿನ್‌ನ ಎಡಬದಿಯಲ್ಲಿ (ಸೀಟಿನಲ್ಲಿ ಕೂತವರ ಎಡ), ಡೀಸೆಲ್ ಪಂಪಿನ ಹತ್ತಿರ 'ಸ್ಟಾಪ್' ಎಂದು ಬರೆದ ಲಿವರ್ ಇದೆ. ಎಂಜಿನ್ ಪೂರ್ತಿ ನಿಲ್ಲುವವರೆಗೆ ಅದನ್ನು ಒತ್ತಿ ಹಿಡಿಯಿರಿ. ಅರ್ಧಕ್ಕೆ ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಫ್ಯಾನ್ ಮತ್ತು ಬೆಲ್ಟ್ ಕೈಗೆ ಹತ್ತಿರವೇ ತಿರುಗುತ್ತಿರುತ್ತವೆ, ಸಡಿಲ ತೋಳು, ಶಾಲು, ಕೈಗಡಿಯಾರ ಬೇಡ. ಮ್ಯಾನುಯಲ್ ಗೇರಿನ ಕಾರನ್ನು ನಾಲ್ಕನೇ ಗೇರಿಗೆ ಹಾಕಿ ಬ್ರೇಕ್ ತುಳಿದು ಕೊಲ್ಲುವ ಪದ್ಧತಿಯೂ ಉಂಟು. ಕ್ಲಚ್ ಪ್ಲೇಟಿನ ಮೇಲೆ ಕನಿಕರವಿದ್ದವರು ಹಾಗೆ ಮಾಡಬಾರದು.

ಲಿವರ್ ಒತ್ತಿದರೂ ನಿಲ್ಲದಿದ್ದರೆ ಅದು ಬೇರೆ ಕಥೆ, ಡೀಸೆಲ್ ಪಂಪಿನ ರ‍್ಯಾಕ್ ಎಲ್ಲೋ ಕಚ್ಚಿಕೊಂಡಿದೆ. ಅಂಥ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಪಂಪ್ ಕೆಲಸ ಬಲ್ಲವರಿಗೆ ತೋರಿಸಿ.

ಇನ್ನೊಂದನ್ನು ಈಗಲೇ ನೋಡಿಬಿಡಿ: ಬ್ರೇಕ್. ಪೆಡಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಕೂಡ ಇದೇ ವ್ಯಾಕ್ಯೂಮ್ ಪಂಪಿನ ಸೆಳೆತವನ್ನು ನಂಬಿದೆ. ಎಂಜಿನ್ ನಿಂತ ಮೇಲೆ ಪೆಡಲನ್ನು ನಾಲ್ಕೈದು ಸಲ ತುಳಿದು ಗಟ್ಟಿ ಮಾಡಿ. ಹಾಗೇ ತುಳಿದು ಹಿಡಿದುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದೆ ಕಲ್ಲಿನಂತೆ ಉಳಿದರೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಇಳಿದರೆ ನಿಧಾನವಾಗಿ ಕೂತು ಹುಡುಕಬಹುದು.

ಬ್ರೇಕ್ ಸರಿ, ಎಂಜಿನ್ ಮಾತ್ರ ನಿಲ್ಲದು: ಯಾಕೆ?

ಈ ಪ್ರಶ್ನೆಗೆ ಉತ್ತರ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಪಂಪಿನಿಂದ ಬೂಸ್ಟರಿಗೆ ಬೆರಳು ದಪ್ಪದ ಪೈಪ್ ಹೋಗುತ್ತದೆ. ಅದರ ಮೈಮೇಲೆ ಸಣ್ಣ ಮೂತಿಗಳಿವೆ. ಶಟ್‌ಆಫ್, ಸೆಂಟ್ರಲ್ ಲಾಕಿಂಗ್, ಎಸಿ ಗಾಳಿಯ ಬಾಗಿಲುಗಳು, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಎಲ್ಲಕ್ಕೂ ವ್ಯಾಕ್ಯೂಮ್ ಹೋಗುವುದು ಈ ಮೂತಿಗಳಿಂದ. ಮೂತಿಯೊಳಗಿನ ತೂತನ್ನು ಬೇಕೆಂದೇ ಸೂಜಿಮೊನೆಯಷ್ಟು ಕಿರಿದು ಮಾಡಿದ್ದಾರೆ. ಸಣ್ಣ ಪೈಪೊಂದು ಪೂರ್ತಿ ಕಿತ್ತುಬಂದರೂ ಬ್ರೇಕಿನ ಪಾಲು ಸೋರಿಹೋಗಬಾರದು ಎನ್ನುವುದು ಲೆಕ್ಕ.

ಅದರ ಇನ್ನೊಂದು ಮಗ್ಗುಲು ನೋಡಿ. ಸೂಜಿತೂತಿನಲ್ಲಿ ಎಷ್ಟು ಗಾಳಿ ಹೀರಬಹುದೋ ಅಷ್ಟೇ ಪ್ರಮಾಣದ ಲೀಕ್ ಸಣ್ಣ ಪೈಪುಗಳ ಕಡೆ ಎಲ್ಲಿದ್ದರೂ ಸಾಕು, ಆ ಕಡೆಯ ವ್ಯಾಕ್ಯೂಮ್ ಪೂರಾ ಕುಸಿಯುತ್ತದೆ. ಬೂಸ್ಟರ್ ಕಡೆ ಮಾತ್ರ ವ್ಯಾಕ್ಯೂಮ್ ಅಳೆಯುವ ಗೇಜ್ ಚೆನ್ನಾಗಿಯೇ ತೋರಿಸುತ್ತಿರುತ್ತದೆ. ಹಾಗಾಗಿ ಬ್ರೇಕ್ ಸರಿಯಿದ್ದು ಎಂಜಿನ್ ನಿಲ್ಲುತ್ತಿಲ್ಲವೆಂದರೆ ಪಂಪ್ ಬದಲಿಸುವುದು ದುಡ್ಡು ದಂಡ. ಮೂತಿಯ ತೂತು 'ಬ್ಲಾಕ್ ಆಗಿದೆ' ಎಂದು ಡ್ರಿಲ್ ಹಾಕಿ ದೊಡ್ಡದು ಮಾಡುವವರೂ ಇದ್ದಾರೆ. ಆಗ ಎಂಜಿನ್ ನಿಲ್ಲುತ್ತದೆ, ನಿಜ. ಜೊತೆಗೆ ಬಾಗಿಲಿನ ಲೀಕ್ ನೇರ ಬ್ರೇಕಿಗೂ ತಟ್ಟುತ್ತದೆ. ತೂತು ನಿಜವಾಗಿಯೂ ಕಟ್ಟಿದ್ದರೆ ತೆಳು ತಾಮ್ರದ ತಂತಿಯ ಒಂದು ಎಳೆ ಹಾಕಿ ಬಿಡಿಸಿ, ಹಿಗ್ಗಿಸಬೇಡಿ.

ಲಕ್ಷಣವೇ ಹೇಳುವ ಮಾತು

ಸಾಮಾನು ಮುಟ್ಟುವ ಮೊದಲು ಎರಡು ದಿನ ಕಾರನ್ನು ಗಮನಿಸಿ. ಆರೋಗ್ಯವಂತ ಎಂಜಿನ್ ಕೀ ಆಫ್ ಆದ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ. ಐದು, ಹತ್ತು, ಇಪ್ಪತ್ತು ಸೆಕೆಂಡ್ ಎಳೆದು ನಡುಗುತ್ತ ನಿಂತರೆ ಸಣ್ಣ ಲೀಕ್. ಐಡ್ಲಿಂಗ್‌ನಲ್ಲಿ ನಿಲ್ಲದೆ, ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟಾಗ ನಿಂತರೆ ಲೀಕ್ ಮತ್ತು ಪಂಪಿನ ಶಕ್ತಿ ಸರಿಸಮ ಇವೆ ಎಂದರ್ಥ. ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಯಾವುದೋ ಪೈಪ್ ಕಳಚಿದೆ ಅಥವಾ ಶಟ್‌ಆಫ್ ಡಯಾಫ್ರಮ್ ಹರಿದಿದೆ.

ಬಾಗಿಲಿನ ಲಾಕ್ ಸ್ಥಿತಿಗೂ ಇದಕ್ಕೂ ಸಂಬಂಧವಿದೆಯೇ ನೋಡುವುದು ಎಲ್ಲಕ್ಕಿಂತ ಲಾಭದ ಪರೀಕ್ಷೆ, ಖರ್ಚೂ ಇಲ್ಲ. ಲಾಕಿಂಗ್‌ಗೆ ಎರಡು ಪ್ರತ್ಯೇಕ ಪೈಪ್ ಸಾಲುಗಳಿವೆ: ಒಂದು ಲಾಕ್ ಮಾಡಲು, ಇನ್ನೊಂದು ಬಿಚ್ಚಲು. ಚಾಲಕನ ಬಾಗಿಲಿನ ಲಾಕ್ ಗುಂಡಿ ಯಾವ ಕಡೆ ಇದೆಯೋ ಆ ಸಾಲಿನಲ್ಲಿ ಮಾತ್ರ ಸೆಳೆತ ಇರುತ್ತದೆ. ಎಂಜಿನ್ ಓಡುವಾಗ ಒಳಗೆ ಕೂತು, ಬಾಗಿಲು ಲಾಕ್ ಮಾಡಿ ಒಂದು ನಿಮಿಷ ಬಿಟ್ಟು ಕೀ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಿ, ಲಾಕ್ ತೆಗೆದು ಅದನ್ನೇ ಮಾಡಿ. ಲಾಕ್ ಆಗಿದ್ದಾಗ ಸರಿಯಾಗಿ ನಿಂತು, ತೆಗೆದಾಗ ನಿಲ್ಲದಿದ್ದರೆ ಬಿಚ್ಚುವ ಸಾಲಿನಲ್ಲಿ ಲೀಕ್ ಇದೆ. ಉಲ್ಟಾ ಆದರೆ ಲಾಕ್ ಮಾಡುವ ಸಾಲಿನಲ್ಲಿ. ಎರಡರಲ್ಲೂ ಒಂದೇ ಥರ ಆದರೆ ಸದ್ಯಕ್ಕೆ ಬಾಗಿಲನ್ನು ಬಿಟ್ಟು ಬೇರೆ ಕಡೆ ಹುಡುಕಬಹುದು.

ಹಳೇ ಲಾಕಿಂಗ್ ಗಟ್ಟಿ ಇದ್ದರೆ ಎಂಜಿನ್ ನಿಲ್ಲಿಸಿದ ಮೇಲೂ ಹಲವು ಸಲ ಟಕ್ ಟಕ್ ಎಂದು ನಾಲ್ಕೂ ಬಾಗಿಲು ಒಟ್ಟಿಗೆ ಕೆಲಸ ಮಾಡುತ್ತವೆ. ಅದಕ್ಕಾಗಿಯೇ ವ್ಯಾಕ್ಯೂಮ್ ಕೂಡಿಡುವ ಟ್ಯಾಂಕ್ ಇಟ್ಟು, ದಾರಿಯಲ್ಲಿ ಒಮ್ಮುಖ ವಾಲ್ವ್ ಹಾಕಿದ್ದಾರೆ. ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಗ್ಗೆ ಒಂದು ಬಾಗಿಲಷ್ಟೇ ತೆರೆದು ಉಳಿದವು ಅಲುಗಾಡದಿದ್ದರೆ, ರಾತ್ರಿಯೆಲ್ಲ ಟ್ಯಾಂಕ್ ಸೋರಿದೆ.

ಬೇಕಾದ ಸಾಮಾನು

ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್ ಒಂದು. ಇದಿಲ್ಲದೆ ಹುಡುಕುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಸಣ್ಣ ಟಿ ಜಾಯಿಂಟ್ ಎರಡು, 3.5 ಮತ್ತು 4 ಮಿಲಿಮೀಟರ್ ಒಳವ್ಯಾಸದ ರಬ್ಬರ್ ಹೋಸ್ ಒಂದೊಂದು ಮೀಟರ್. ಪೈಪ್ ಬಾಯಿ ಮುಚ್ಚಲು 3, 4 ಮಿಲಿಮೀಟರಿನ ಹಳೇ ಡ್ರಿಲ್ ಬಿಟ್‌ಗಳು. ಅವುಗಳ ನುಣುಪು ಹಿಂಬದಿಯನ್ನು ರಬ್ಬರ್ ಜಾಯಿಂಟಿಗೆ ತುರುಕಿದರೆ ಗಾಳಿ ಹೋಗದು. ಸ್ಕ್ರೂ ಹಾಕಬೇಡಿ, ಅದರ ಥ್ರೆಡ್ ಸಂದಿಯಲ್ಲೇ ಗಾಳಿ ನುಸುಳಿ ನಿಮಗೆ ಸುಳ್ಳು ಹೇಳುತ್ತದೆ. ಅಕ್ವೇರಿಯಂ ಅಂಗಡಿಯ ಪಾರದರ್ಶಕ ಪೈಪ್ ಪರೀಕ್ಷೆಗೆ ಬಹಳ ಒಳ್ಳೆಯದು, ಒಳಗೆ ಎಣ್ಣೆ ಬಂದರೆ ಕಣ್ಣಿಗೆ ಕಾಣುತ್ತದೆ. ಆದರೆ ಬಾನೆಟ್ ಕೆಳಗಿನ ಬಿಸಿಗೆ ಅದು ಮೆತ್ತಗಾಗುತ್ತದೆ, ಅಲ್ಲೇ ಬಿಟ್ಟುಬಿಡಬಾರದು.

ಗೇಜ್ ಓದುವಾಗ ಊರು ಯಾವುದು ಎನ್ನುವುದು ನೆನಪಿರಲಿ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂಬುದನ್ನು. ಮಂಗಳೂರಿನ ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಸುಮಾರು 30 ಇಂಚು ಪಾದರಸ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 27ರ ಆಸುಪಾಸು. ಹಾಗಾಗಿ ಕರಾವಳಿಯಲ್ಲಿ 22 ಇಂಚು ಎಳೆಯುವ ಪಂಪ್ ಬೆಂಗಳೂರಿಗೆ ಬಂದರೆ 19–20ಕ್ಕೆ ನಿಲ್ಲುತ್ತದೆ, ಪಂಪ್ ಏನೂ ಕೆಟ್ಟಿರುವುದಿಲ್ಲ. ಕೈಪಿಡಿಯ ಅಂಕಿಯನ್ನು ಹಿಡಿದುಕೊಂಡು ಮಲೆನಾಡಿನ ಊರಿನಲ್ಲಿ ಒಳ್ಳೆಯ ಪಂಪನ್ನು ಬಿಸಾಡಬೇಡಿ.

ಮೊದಲ ಪರೀಕ್ಷೆ: ಡಬ್ಬಿಯೋ, ದಾರಿಯೋ

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಡೀಸೆಲ್ ಪಂಪಿನ ಹಿಂಬದಿಯ ಶಟ್‌ಆಫ್ ಡಬ್ಬಿಗೆ ಬರುವ ಸಣ್ಣ ಕಂದು ಪೈಪನ್ನು ಕಳಚಿ, ಡಬ್ಬಿಯ ಮೂತಿಗೆ ಕೈ ಪಂಪ್ ಸೇರಿಸಿ ಎಳೆಯಿರಿ. 10ರಿಂದ 15 ಇಂಚಿನೊಳಗೆ ಎಂಜಿನ್ ನಿಲ್ಲಬೇಕು. ನಿಂತ ಮೇಲೆ 15 ಇಂಚಿಗೆ ಏರಿಸಿ ಒಂದು ನಿಮಿಷ ಮುಳ್ಳನ್ನೇ ನೋಡುತ್ತಿರಿ. ಅಲುಗದಿದ್ದರೆ ಡಬ್ಬಿ ಚೊಕ್ಕ, ತೊಂದರೆ ದಾರಿಯಲ್ಲಿದೆ. ಮುಳ್ಳು ಏರುವುದೇ ಇಲ್ಲವೆಂದರೆ ಅಥವಾ ಏರಿ ಜಾರಿದರೆ ಡಬ್ಬಿಯ ಡಯಾಫ್ರಮ್ ಹರಿದಿದೆ.

ಕಳಚಿದ ಕಂದು ಪೈಪಿನ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿ ನೋಡಿ. ಎಂಜಿನ್ ಆಯಿಲ್ ಕಲೆ ಬಿದ್ದರೆ, ಗೇಜ್ ಏನೇ ಹೇಳಲಿ, ಡಬ್ಬಿ ಬದಲಿಸುವ ಕಾಲ ಬಂದಿದೆ. ಡೀಸೆಲ್ ಪಂಪಿನೊಳಗಿನ ಆಯಿಲ್ ಹರಿದ ಡಯಾಫ್ರಮ್ ಮೂಲಕ ಪೈಪಿಗೆ ಬರುತ್ತದೆ, ಅಲ್ಲಿಂದ ಕೀ ವಾಲ್ವ್ ತನಕ ಸಾಗಿ ದಾರಿಯ ರಬ್ಬರನ್ನೆಲ್ಲ ಉಬ್ಬಿಸಿ ಸಡಿಲ ಮಾಡುತ್ತದೆ. ಡಬ್ಬಿ ಮಾತ್ರ ಬದಲಿಸಿ ಎಣ್ಣೆ ಕುಡಿದ ಜಾಯಿಂಟುಗಳನ್ನು ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಇದೇ ಪಾಡು.

ಡಬ್ಬಿ ಕೂತಿರುವುದು ಎರಡೇ ಬೋಲ್ಟ್ ಮೇಲೆ, ಆದರೆ ಜಾಗ ಇಕ್ಕಟ್ಟು. ಎಳೆದ ಕೂಡಲೇ ಹೊರಬರುವುದಿಲ್ಲ. ಒಳಗಿನ ಕೊಕ್ಕೆ ಪಂಪಿನ ಲಿವರಿಗೆ ಸಿಕ್ಕಿಕೊಂಡಿರುತ್ತದೆ, ಸ್ವಲ್ಪ ಓರೆ ಮಾಡಿ ಬಿಡಿಸಬೇಕು. ಹೊಸದಕ್ಕೆ ಹೊಸ ಸೀಲ್ ಹಾಕಿ, ಕೊಕ್ಕೆ ಅದೇ ಜಾಗಕ್ಕೆ ಬಿತ್ತೇ ನೋಡಿ ಕೂರಿಸಿ. ಇಲ್ಲಿ ಅವಸರ ಮಾಡಿದವರಿಗೆ ರ‍್ಯಾಕ್ ಅಡ್ಡ ಸಿಕ್ಕಿಹಾಕಿಕೊಂಡು, ಸ್ಟಾರ್ಟ್ ಮಾಡಿದೊಡನೆ ಎಂಜಿನ್ ಕಿರುಚುತ್ತ ಹಿಡಿತ ಮೀರಿ ವೇಗವೇರುವ ಅಪಾಯವಿದೆ. ಹಾಗಾಗಿ ಸ್ಟಾರ್ಟ್ ಮಾಡುವ ಮೊದಲು ಸ್ಟಾಪ್ ಲಿವರ್ ಮತ್ತು ಆಕ್ಸಿಲರೇಟರ್ ಕೊಂಡಿ ಎರಡೂ ಸಲೀಸಾಗಿ ಹೋಗಿ ಬರುತ್ತವೆಯೇ ಕೈಯಲ್ಲಿ ನೋಡಿ. ಮೊದಲ ಸ್ಟಾರ್ಟ್‌ಗೆ ಇನ್ನೊಬ್ಬರು ಆ ಲಿವರ್ ಹತ್ತಿರವೇ ನಿಂತಿರಲಿ.

ವ್ಯಾಕ್ಯೂಮ್ ಪಂಪನ್ನು ಒಂದು ಸಲ ತೂಗಿ ನೋಡುವುದು

ಬೂಸ್ಟರಿನ ದಪ್ಪ ಪೈಪನ್ನು ಪಂಪಿನ ಹತ್ತಿರ ಕಳಚಿ, ಪಂಪಿಗೆ ನೇರ ಗೇಜ್ ಹಾಕಿ ಸ್ಟಾರ್ಟ್ ಮಾಡಿ. ಐಡ್ಲಿಂಗ್‌ನಲ್ಲಿ ಮುಳ್ಳು ಕೆಲವೇ ಸೆಕೆಂಡಿನಲ್ಲಿ ಕರಾವಳಿಯಲ್ಲಿ 20ರ ಮೇಲೆ, ಬೆಂಗಳೂರಿನಲ್ಲಿ 18ರ ಮೇಲೆ ಹೋಗಿ ನಿಲ್ಲಬೇಕು. ನಿಧಾನ ಏರಿ 12–13ಕ್ಕೆ ನಿಂತರೆ ಒಳಗಿನ ವಾಲ್ವ್ ಅಥವಾ ಡಯಾಫ್ರಮ್ ಸೋತಿದೆ. ಈ ಪರೀಕ್ಷೆ ನಡೆಯುವಾಗ ಬೂಸ್ಟರಿಗೆ ಸೆಳೆತ ಇರುವುದಿಲ್ಲ, ಕಾರನ್ನು ಅಲುಗಿಸಬೇಡಿ.

ಗೇಜ್ ಸರಿ ಇದ್ದರೂ ಪಂಪಿನ ಕಡೆಯಿಂದ ಕಟಕಟ ಸದ್ದು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಪಂಪ್ ಬಿಚ್ಚಿ ಬೇರಿಂಗ್ ನೋಡಿ. ಬೇರಿಂಗ್ ಒಡೆದು ಗುಂಡುಗಳು ಒಳಗೆ ಬಿದ್ದರೆ ಪಕ್ಕದಲ್ಲೇ ಟೈಮಿಂಗ್ ಚೈನ್ ಇದೆ. ಪಂಪಿನ ಬೆಲೆಯಲ್ಲಿ ಮುಗಿಯಬೇಕಾದದ್ದು ಎಂಜಿನ್ ಬೆಲೆಗೆ ಹೋಗುತ್ತದೆ.

ಕವಲು ಕವಲಾಗಿ ಮುಚ್ಚುತ್ತ ಹೋಗಿ

ಪಂಪ್ ಸರಿ, ಡಬ್ಬಿ ಸರಿ ಎಂದ ಮೇಲೆ ಉಳಿಯುವುದು ಪೈಪುಗಳು. ಶಟ್‌ಆಫ್‌ಗೆ ವ್ಯಾಕ್ಯೂಮ್ ಕೊಡುವ ಸಣ್ಣ ಸಾಲಿಗೆ ಟಿ ಜಾಯಿಂಟ್ ಹಾಕಿ ಗೇಜ್ ಕೂರಿಸಿ, ಎಂಜಿನ್ ಓಡಲಿ. ಮುಳ್ಳು 5–6 ಇಂಚಿನಲ್ಲಿ ತೂಕಡಿಸುತ್ತಿದೆ ಎಂದುಕೊಳ್ಳಿ. ಈಗ ಆ ಸಾಲಿನಿಂದ ಹೊರಡುವ ಕವಲುಗಳನ್ನು ಒಂದೊಂದಾಗಿ ಕಳಚಿ ಬಾಯಿ ಮುಚ್ಚಿ. ಯಾವ ಕವಲು ಮುಚ್ಚಿದಾಗ ಮುಳ್ಳು ಎದ್ದು 18ಕ್ಕೆ ಹಾರುತ್ತದೋ ಅಲ್ಲಿ ಕಳ್ಳ. ಮುಚ್ಚಿದ್ದರಿಂದ ವ್ಯತ್ಯಾಸವಾಗದ ಕವಲನ್ನು ಕೂಡಲೇ ಮೊದಲಿನ ಹಾಗೆ ಸೇರಿಸಿಯೇ ಮುಂದಿನದಕ್ಕೆ ಹೋಗಿ. ಹತ್ತು ಪೈಪ್ ಕಳಚಿ ಹರಡಿಕೊಂಡು ಕೂತರೆ ಯಾವುದು ಎಲ್ಲಿಯದು ಎನ್ನುವುದೇ ಮರೆತುಹೋಗುತ್ತದೆ. ಕಳಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಮೇಲು.

ಪೈಪಿನ ಬಣ್ಣ ದಾರಿ ತೋರಿಸುತ್ತದೆ: ಕಂದು ಜೋಡಿ ಕೀ ವಾಲ್ವ್ ಮತ್ತು ಶಟ್‌ಆಫ್‌ನದು, ಹಳದಿ ಸಂಸಾರ ಬಾಗಿಲುಗಳದ್ದು. ಆದರೆ ನಲವತ್ತು ವರ್ಷದಲ್ಲಿ ಬಣ್ಣ ಮಾಸಿರುತ್ತದೆ, ಮಧ್ಯೆ ಯಾರೋ ಕೈಗೆ ಸಿಕ್ಕ ಪೈಪ್ ಹಾಕಿರುತ್ತಾರೆ. ಬಣ್ಣವನ್ನು ನಂಬಿ, ಆದರೆ ತುದಿ ಮುಟ್ಟಿ ನೋಡಿ. ಗಟ್ಟಿ ನೈಲಾನ್ ಪೈಪ್ ತಾನಾಗಿ ಕೆಡುವುದು ಅಪರೂಪ. ಬಿಸಿ ತಾಗುವ ತಿರುವಿನಲ್ಲಿ ಸೀಳಬಹುದು, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಾದರೆ ಇಲಿ ಕಡಿದಿರಬಹುದು. ನೂರಕ್ಕೆ ತೊಂಬತ್ತು ಪಾಲು ಅಪರಾಧಿ ಪೈಪುಗಳನ್ನು ಕೂಡಿಸುವ ಮೊಣಕೈ ಆಕಾರದ ರಬ್ಬರ್ ತುಂಡು. ಹೊರಗಿನಿಂದ ನೋಡಿದರೆ ಕಪ್ಪಗೆ, ದುಂಡಗೆ, ಏನೂ ಆಗಿಲ್ಲದಂತೆ ಕೂತಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಬಗ್ಗಿದ ಬೆನ್ನಿನ ಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಾಯಿ ಬಿಡುತ್ತದೆ, ಬೆರಳಿಗೆ ಮಸಿ ಹತ್ತುತ್ತದೆ. ಇನ್ನು ಕೆಲವು ಬಿರುಕೇ ಬಿಡದೆ ಸಡಿಲವಾಗಿರುತ್ತವೆ. ಪೈಪನ್ನು ಎಳೆಯುವಾಗ ಬಿಗಿ ಇಲ್ಲದೆ ಜಾರಿ ಬಂದರೆ ಅದೂ ಲೀಕೇ.

ಬಾಗಿಲು, ಡಿಕ್ಕಿ, ಡೀಸೆಲ್ ಮುಚ್ಚಳ

ಹಳದಿ ಸಾಲು ಮುಚ್ಚಿದಾಗ ಮುಳ್ಳು ಎದ್ದಿತು ಎಂದಾದರೆ ಕಾರಿನೊಳಗೆ ಹೋಗಬೇಕು. ಅದಕ್ಕೆ ಮೊದಲು ಒಂದು ಸಮಾಧಾನ: ಹಳದಿ ಸಾಲಿನ ಬಾಯಿ ಮುಚ್ಚಿಟ್ಟುಕೊಂಡು ಕಾರನ್ನು ಎಂದಿನಂತೆ ಓಡಿಸಬಹುದು. ಎಂಜಿನ್ ಕೀಯಲ್ಲೇ ನಿಲ್ಲುತ್ತದೆ, ಬಾಗಿಲುಗಳನ್ನು ಮಾತ್ರ ಒಂದೊಂದಾಗಿ ಲಾಕ್ ಮಾಡಬೇಕು. ಭಾನುವಾರದವರೆಗೆ ಕಾಯಲು ಅಡ್ಡಿಯಿಲ್ಲ.

ಎಂಜಿನ್ ನಿಲ್ಲಿಸಿ, ಹಳದಿ ಸಾಲಿಗೆ ಕೈ ಪಂಪ್ ಸೇರಿಸಿ. ಟ್ಯಾಂಕನ್ನೂ ಖಾಲಿ ಮಾಡಬೇಕಾದ್ದರಿಂದ ಬಹಳ ಸಲ ಎಳೆಯಬೇಕು, ಕೈ ಸೋಲುತ್ತದೆ. ಎಳೆದರೂ ಏರುತ್ತಿಲ್ಲ ಎಂದು ಬೇಗ ತೀರ್ಮಾನಕ್ಕೆ ಬರಬೇಡಿ. 15 ಇಂಚಿಗೆ ತಂದು ನಿಲ್ಲಿಸಿ, ಚಾಲಕನ ಬಾಗಿಲಿನ ಗುಂಡಿಯನ್ನು ಮೇಲೆತ್ತಿ ಮುಳ್ಳು ನೋಡಿ, ಮತ್ತೆ ಕೆಳಗೊತ್ತಿ ನೋಡಿ. ಪ್ರತಿ ಸಲ ಮುಳ್ಳು ಒಂದಿಷ್ಟು ಕುಸಿದು ನಿಲ್ಲುವುದು ಸಹಜ, ಏಕೆಂದರೆ ಕೆಲಸಕ್ಕೆ ಗಾಳಿ ಖರ್ಚಾಗಿದೆ. ಒಂದು ಸ್ಥಾನದಲ್ಲಿ ನಿಂತು, ಇನ್ನೊಂದು ಸ್ಥಾನದಲ್ಲಿ ಮೆಲ್ಲಗೆ ಜಾರುತ್ತಲೇ ಹೋದರೆ ಯಾವ ಸಾಲು ಎನ್ನುವುದು ಖಚಿತ.

ಇನ್ನು ಯಾವ ಬಾಗಿಲು? ಚಾಲಕನ ಕಾಲಿಡುವ ಜಾಗದ ಪಕ್ಕದ ಪ್ಯಾನಲ್ ತೆಗೆದು, ಕಾರ್ಪೆಟ್ ಎತ್ತಿದರೆ ಹಳದಿ ಪೈಪುಗಳು ಕವಲೊಡೆಯುವ ರಬ್ಬರ್ ಜಾಯಿಂಟ್ ಸಿಗುತ್ತದೆ. (ಕೈಗೆ ಒದ್ದೆ ಹತ್ತಿದರೆ ಲೀಕ್ ಹುಡುಕುವ ಕೆಲಸ ಬದಿಗಿಟ್ಟು ನೆಲದ ತಗಡು ನೋಡಿ. ಈ ಸರಣಿಯ ಕಾರುಗಳನ್ನು ಕೊಲ್ಲುವುದು ತುಕ್ಕು, ಎಂಜಿನ್ ಅಲ್ಲ.) ಅಲ್ಲಿ ಒಂದೊಂದೇ ಕವಲಿಗೆ ಕೈ ಪಂಪ್ ಹಾಕಿ ಎಳೆಯಿರಿ. ಚೆನ್ನಾಗಿರುವ ಕವಲು ನಾಲ್ಕೈದು ಎಳೆತಕ್ಕೆ 15ಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಜೊತೆಗೆ ಆ ಬಾಗಿಲಿನ ಗುಂಡಿ ಟಕ್ಕೆಂದು ಅಲುಗುವುದು ಕಾಣುತ್ತದೆ. ಕೆಟ್ಟದ್ದು ಎಷ್ಟು ಎಳೆದರೂ ಮುಳ್ಳು ಎತ್ತುವುದಿಲ್ಲ. ಡಿಕ್ಕಿ ಮತ್ತು ಡೀಸೆಲ್ ಮುಚ್ಚಳದ ಕವಲನ್ನು ಮರೆಯುವವರೇ ಹೆಚ್ಚು. ನಾಲ್ಕೂ ಬಾಗಿಲಿನ ಪ್ಯಾನಲ್ ಬಿಚ್ಚಿ, ಏನೂ ಸಿಗದೆ ಮುಚ್ಚಿ, ಕೊನೆಗೆ ಡಿಕ್ಕಿಗೆ ಹೋಗುವ ಬದಲು ಮೊದಲೇ ಅಲ್ಲಿ ನೋಡಿ. ಡಿಕ್ಕಿಯ ಲೈನಿಂಗ್ ಸರಿಸಲು ಐದು ನಿಮಿಷ ಸಾಕು.

ಬಾಗಿಲಿನೊಳಗೆ ಇಳಿಯಬೇಕಾಗಿ ಬಂದರೆ: ಆರ್ಮ್‌ರೆಸ್ಟಿನ ಸ್ಕ್ರೂ, ಗ್ಲಾಸ್ ತಿರುಗಿಸುವ ಹಿಡಿ, ಲಾಕ್ ಗುಂಡಿ ತೆಗೆದು ಪ್ಯಾನಲನ್ನು ಮೇಲ್ಮುಖವಾಗಿ ಎತ್ತಿ ಬಿಡಿಸಬೇಕು. ಹೊರಕ್ಕೆ ಮೀಟಿದರೆ ಹಳೇ ಹಲಗೆ ಪುಡಿಯಾಗುತ್ತದೆ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಮತ್ತೆ ಅಂಟಿಸಲೇಬೇಕು. ಅದಿಲ್ಲದಿದ್ದರೆ ಮಳೆಗಾಲದಲ್ಲಿ ನೀರು ಕಾರ್ಪೆಟ್ಟಿಗೆ ಬರುತ್ತದೆ. ಲಾಕಿನ ಡಬ್ಬಿ ಚಿಕ್ಕದು, ಎರಡು ಮೂತಿ, ನಡುವೆ ಡಯಾಫ್ರಮ್, ಅದಕ್ಕೆ ಕಡ್ಡಿ. ಎರಡೂ ಮೂತಿಗೆ ಪ್ರತ್ಯೇಕ 15 ಇಂಚು ಕೊಟ್ಟು ನೋಡಿ. ಚಾಲಕನ ಬಾಗಿಲಲ್ಲಿರುವುದು ಮಾತ್ರ ಡಯಾಫ್ರಮ್ ಡಬ್ಬಿ ಅಲ್ಲ, ದಿಕ್ಕು ಬದಲಿಸುವ ವಾಲ್ವ್. ಎರಡೂ ಸ್ಥಾನದಲ್ಲಿ ಲೀಕ್ ಇದ್ದು, ಬೇರೆಲ್ಲ ಕವಲು ಸರಿ ಇದ್ದರೆ ಅದನ್ನೇ ಅನುಮಾನಿಸಿ. ಬಾಗಿಲಿನ ಕೀಲಿನ ಸಂದಿಯಲ್ಲಿ ಪೈಪ್ ಪ್ರತಿ ಸಲ ಬಗ್ಗುತ್ತದೆ. ಬಾಗಿಲು ಮುಚ್ಚಿದಾಗ ಸರಿ, ತೆರೆದಾಗ ಮುಳ್ಳು ಬೀಳುತ್ತದೆ ಎಂದಾದರೆ ಅಲ್ಲೇ ಸೀಳಿದೆ.

ಕೀ ವಾಲ್ವ್

ಕೀ ಲಾಕಿನ ಬೆನ್ನಿನ ವಾಲ್ವ್ ತಲುಪುವುದು ಕಷ್ಟ, ಹಾಗಾಗಿ ಅದನ್ನು ದೂರದಿಂದಲೇ ಪರೀಕ್ಷಿಸಿ. ಬಾನೆಟ್ ಕೆಳಗೆ ಎರಡು ಕಂದು ಪೈಪುಗಳನ್ನು ಹುಡುಕಿ: ಒಂದು ಕೀ ಕಡೆಗೆ ಸೆಳೆತ ಒಯ್ಯುತ್ತದೆ, ಇನ್ನೊಂದು ಕೀ ಕಡೆಯಿಂದ ಶಟ್‌ಆಫ್‌ಗೆ ತರುತ್ತದೆ. ಎಂಜಿನ್ ಓಡುತ್ತಿರುವಾಗ ಎರಡನ್ನೂ ಕಳಚಿ, ಸೆಳೆತ ಬರುವ ಮೂಲ ಮತ್ತು ಶಟ್‌ಆಫ್ ಡಬ್ಬಿಯನ್ನು ತುಂಡು ಹೋಸಿನಿಂದ ನೇರ ಜೋಡಿಸಿ. ಕೂಡಲೇ ಎಂಜಿನ್ ನಿಂತರೆ ದೋಷ ಕೀ ವಾಲ್ವಿನಲ್ಲಿ ಅಥವಾ ಅದಕ್ಕೆ ಹೋಗಿಬರುವ ಪೈಪಿನಲ್ಲಿ. ಮುಕ್ಕಾಲು ಪಾಲು ವಾಲ್ವ್ ಮೂತಿಯ ಮೇಲಿನ ರಬ್ಬರ್ ಸಡಿಲವಾಗಿರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನ ಪ್ಯಾನಲ್ ತೆಗೆದು ಅದನ್ನು ಮೊದಲು ನೋಡಿ, ವಾಲ್ವ್ ಬದಲಿಸುವ ಮಾತು ಆಮೇಲೆ.

ಇದೇ ವಾಲ್ವ್ ಉಲ್ಟಾ ಕೆಡುವುದೂ ಉಂಟು. ಕೀ ಆನ್ ಇದ್ದರೂ ಪೂರ್ತಿ ಮುಚ್ಚಿಕೊಳ್ಳದೆ ಶಟ್‌ಆಫ್ ಕಡೆಗೆ ಸೆಳೆತ ಬಿಡುತ್ತಿರುತ್ತದೆ. ಕಾರು ಎಳೆಯುವುದಿಲ್ಲ, ಓಡುತ್ತಲೇ ಆಫ್ ಆಗುತ್ತದೆ, ಇಲ್ಲವೇ ಸ್ಟಾರ್ಟ್ ಆದ ಒಂದು ನಿಮಿಷಕ್ಕೆ ಸಾಯುತ್ತದೆ. ಡೀಸೆಲ್ ಫಿಲ್ಟರ್, ಫೀಡ್ ಪಂಪ್ ಎಲ್ಲ ಬದಲಿಸಿದರೂ ವಾಸಿಯಾಗದ ಕಾರಿನಲ್ಲಿ ಶಟ್‌ಆಫ್ ಡಬ್ಬಿಯ ಕಂದು ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿ ಓಡಿಸಿ ನೋಡಿ. ಸರಿಹೋದರೆ ಕೀ ವಾಲ್ವೇ ಕಾರಣ. (ನಿಲ್ಲಿಸಲು ಸ್ಟಾಪ್ ಲಿವರ್ ಇದೆಯಲ್ಲ.)

ಆಟೋಮ್ಯಾಟಿಕ್ ಗೇರ್ ಇದ್ದರೆ

ಗೇರ್ ತಡವಾಗಿ, ಬೆನ್ನಿಗೆ ಗುದ್ದಿದಂತೆ ಬೀಳುತ್ತಿದ್ದರೆ ಮಾಡ್ಯುಲೇಟರ್ (ವ್ಯಾಕ್ಯೂಮ್ ನೋಡಿಕೊಂಡು ಗೇರ್ ಎಷ್ಟು ಮೆತ್ತಗೆ ಬೀಳಬೇಕೆಂದು ಹೊಂದಿಸುವ ಭಾಗ) ಸಾಲಿನಲ್ಲೂ ಲೀಕ್ ಇದೆ. ಗೇರ್‌ಬಾಕ್ಸ್ ಪಕ್ಕದ ಮಾಡ್ಯುಲೇಟರಿನ ಪೈಪ್ ಕಳಚಿ ನೋಡಿ. ಒಳಗೆ ಕೆಂಪು ಗೇರ್ ಆಯಿಲ್ ಇದ್ದರೆ ಅದರ ಡಯಾಫ್ರಮ್ ಹರಿದಿದೆ. ಆ ಆಯಿಲನ್ನು ವ್ಯಾಕ್ಯೂಮ್ ಪಂಪ್ ಹೀರಿ ಎಂಜಿನ್‌ನ ಹೊಟ್ಟೆಗೇ ಕಳಿಸುತ್ತದೆ. ಹೊರಗೆ ಒಂದು ತೊಟ್ಟೂ ಸೋರದೆ ಗೇರ್ ಆಯಿಲ್ ಇಳಿಯುವುದು, ಎಂಜಿನ್ ಆಯಿಲ್ ಏರುವುದು ಹೀಗೆ. ಮಾಡ್ಯುಲೇಟರ್ ಬದಲಿಸಿದರೆ ಎಂಜಿನ್ ಆಯಿಲನ್ನೂ ಬದಲಿಸಿ.

ಎಸಿ ಕವಲಿನ ಲೀಕ್ ಸಿಕ್ಕರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಗಾಳಿ ಗಾಜಿನ ಕಡೆಗೆ ಮಾತ್ರ ಬಂದರೂ ಪರವಾಗಿಲ್ಲ ಎನ್ನುವವರು ಆ ಕವಲನ್ನು ಮುಚ್ಚಿ ಮುಂದೆ ಹೋಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ರಬ್ಬರ್ ಬದಲಿಸುವಾಗ

ಒಂದು ಜಾಯಿಂಟ್ ಒಡೆದಿದೆಯೆಂದರೆ ಅದರ ಒಡಹುಟ್ಟಿದವೂ ಅದೇ ವಯಸ್ಸಿನವು. ಬಾನೆಟ್ ಕೆಳಗಿನ ಎಲ್ಲ ಜಾಯಿಂಟುಗಳನ್ನೂ ಒಟ್ಟಿಗೆ ಬದಲಿಸಿ. ಕಂಪನಿಯ ಅಚ್ಚಿನ ಜಾಯಿಂಟ್ ಸಿಕ್ಕರೆ ಸರಿ, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ಮೀಟರ್ ಲೆಕ್ಕದ ವ್ಯಾಕ್ಯೂಮ್ ಹೋಸ್ ಸಿಗುತ್ತದೆ. ಹಳೇ ನೈಲಾನ್ ಪೈಪಿನ ತುಂಡೊಂದನ್ನು ಜೊತೆಗೆ ಒಯ್ದು, ತುರುಕಿ ನೋಡಿಯೇ ಕೊಳ್ಳಿ. ಸಿಲಿಕೋನ್ ಹೋಸ್ ಬಿಸಿಗೆ ಗಟ್ಟಿ, ಆದರೆ ಎಣ್ಣೆ ತಾಗಿದರೆ ಉಬ್ಬುತ್ತದೆ. ಶಟ್‌ಆಫ್ ಡಬ್ಬಿಯ ಹತ್ತಿರ, ಮಾಡ್ಯುಲೇಟರ್ ಸಾಲಿನಲ್ಲಿ ಎಣ್ಣೆ ತಡೆಯುವ ನೈಟ್ರೈಲ್ ಹಾಕಿ. ಕೇಬಲ್ ಟೈ ಬಿಗಿದು ಸಡಿಲ ರಬ್ಬರನ್ನು ಉಳಿಸುವ ಪ್ರಯತ್ನ ಬೇಡ, ನೈಲಾನ್ ಪೈಪ್ ಕುಗ್ಗಿ ಲೀಕ್ ಹೆಚ್ಚುತ್ತದೆ. ಒಮ್ಮುಖ ವಾಲ್ವನ್ನು ಉಲ್ಟಾ ಹಾಕದಂತೆ ಬಾಯಲ್ಲಿ ಊದಿ ನೋಡಿ: ಉಪಕರಣದಿಂದ ಪಂಪಿನ ಕಡೆಗೆ ಮಾತ್ರ ಗಾಳಿ ಹೋಗಬೇಕು.

ಇನ್ನು ಕೆಲವು ಗ್ಯಾರೇಜುಗಳ ಸುಲಭೋಪಾಯ: ಟ್ರ್ಯಾಕ್ಟರಿಗೆ ಇರುವಂತೆ ಸ್ಟಾಪ್ ಲಿವರಿಗೊಂದು ಕೇಬಲ್ ಕಟ್ಟಿ ಡ್ಯಾಶ್‌ಬೋರ್ಡಿನ ಕೆಳಗೆ ಎಳೆಯುವ ಹಿಡಿ ಕೊಡುವುದು. ಕೆಲಸವೇನೋ ಆಗುತ್ತದೆ. ಆದರೆ ಕೀಯಲ್ಲಿ ನಿಲ್ಲದ ಎಂಜಿನ್ ಈ ಕಾರಿನ ಪುಕ್ಕಟೆ ವ್ಯಾಕ್ಯೂಮ್ ಗೇಜ್. ಪಂಪ್ ಸೋಲತೊಡಗಿದರೆ ಮೊದಲು ತಿಳಿಯುವುದು ಅಲ್ಲೇ, ಬ್ರೇಕ್ ಗಟ್ಟಿಯಾಗುವುದು ಆಮೇಲೆ. ಕೇಬಲ್ ಹಾಕಿದ ಕಾರಿನಲ್ಲಿ ಆ ಮುನ್ಸೂಚನೆ ಇಲ್ಲ. ಹಳೇ ಬೆಂಜ್ ಕೊಳ್ಳಲು ಹೋದಾಗ ಸ್ಟೇರಿಂಗ್ ಕೆಳಗೆ ಅಂಥ ಹಿಡಿ ಕಂಡರೆ, ಬೆಲೆ ಮಾತಾಡುವ ಮೊದಲು ಬ್ರೇಕ್ ಪೆಡಲ್ ಪರೀಕ್ಷೆ ಮಾಡಿಬಿಡಿ.

ಈ ಕ್ರಮ 230ಇ, 280ಇ ಮುಂತಾದ ಪೆಟ್ರೋಲ್ ಕಾರುಗಳಿಗೆ ಅನ್ವಯಿಸದು. ಮುಂದಿನ ಡಬ್ಲ್ಯೂ124 ಕಾರಿನಲ್ಲಿ ಸೆಂಟ್ರಲ್ ಲಾಕಿಂಗ್‌ಗೆ ಬೇರೆಯದೇ ಕರೆಂಟ್ ಪಂಪ್ ಇರುವುದರಿಂದ, ಅಲ್ಲಿ ಬಾಗಿಲಿನ ಪ್ಯಾನಲ್ ಬಿಚ್ಚುವ ಶ್ರಮ ಉಳಿಯುತ್ತದೆ.